ಲದ್ದಿಯೊಳಗಿನ ಜೋಳ

ಮೊನ್ನೆ ಹನೂರಿನಾಚೆಯ ಕಾಡುದಾರಿಯಲ್ಲಿ ಬಸ್ಸು ನಿಂತಾಗ ಹಸಿ ಆನೆ ಲದ್ದಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು, ನಾನು ಕತ್ತು ಹೊರಗೆ ಚಾಚಿದೆ.

ಐದನೇ ಕ್ಲಾಸಿನಲ್ಲಿ ನನಗೆ ಅದೊಂದು ಹುಚ್ಚಿತ್ತು. ದಾರಿಯಲ್ಲಿ ಲದ್ದಿ ಕಂಡರೆ ಕಡ್ಡಿಯಿಂದ ಬಿಡಿಸಿ, ಆನೆ ಏನು ತಿಂದಿದೆ ಎಂದು ನೋಡಲೇಬೇಕು. ಬಿದಿರಿನ ನಾರು, ಹುಣಸೆ ಬೀಜ, ಒಮ್ಮೆ ಯಾರದೋ ಬಟ್ಟೆಯ ಚೂರು. ಅವ್ವ "ಅದೇ ಕೈಲಿ ಉಣ್ಬ್ಯಾಡ" ಎಂದಷ್ಟೇ ಬೈಯುತ್ತಿದ್ದಳು. ಕ್ಲಾಸಿನಲ್ಲಿ ಮಾತ್ರ ನನ್ನ ಹೆಸರೇ ಹೋಗಿ ‘ಲದ್ದಿ’ ಎಂದಾಯಿತು. ಹಾಗೆ ಕರೆಯಲು ಶುರುಮಾಡಿದವಳು ಮಾದೇವಿ.

ಒಂದು ಮಧ್ಯಾಹ್ನ ಅವಳು ನನ್ನ ಚೀಲದಿಂದ ಲದ್ದಿಯ ಪೊಟ್ಟಣ ಎಳೆದು ಮೇಷ್ಟ್ರ ಮೇಜಿನ ಮೇಲಿಟ್ಟಳು. ಎಲ್ಲರೂ ನಕ್ಕರು. ಮೇಷ್ಟ್ರು ಬೆತ್ತ ಎತ್ತಿಕೊಂಡರು. ಏಟು ನನಗೋ ಅವಳಿಗೋ ತಿಳಿಯಲಿಲ್ಲ. ಅವರು ಬೆತ್ತದ ತುದಿಯಿಂದ ಲದ್ದಿಯನ್ನು ಕೆದಕಿದರು.

"ಈ ಹಳದೀದು ಏನಮ್ಮಿ?"

"ಮುಸುಕಿನ ಜೋಳ ಸಾ. ಒತ್ತಾರೆ ಹಳ್ಳದ ತಾವ ಸಿಕ್ತು."

"ಯಾರ ಹೊಲದ್ದಿರಬೋದು?" ಎಂದು ಅವರು ಇಡೀ ಕ್ಲಾಸನ್ನು ಕೇಳಿದರು.

ನಗು ನಿಂತಿತು. ಮಾದೇವಿ ಮೂಗಿನಿಂದ ಕೈ ತೆಗೆದು, ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದಳು.

"ನಮ್ಮೊಲದ್ದೇ ಸಾ," ಎಂದಳು. "ರಾತ್ರಿ ನುಗ್ಗಿದ್ವು."

ಮೇಷ್ಟ್ರು ಬೆತ್ತ ಒರೆಸಿ ಮೂಲೆಗಿಟ್ಟರು.

ಮರುದಿನ ಬೆಳಗ್ಗೆ ಮಾದೇವಿ ಶಾಲೆಯ ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದಳು. ಕೈಯಲ್ಲಿ ಮುತ್ತುಗದ ಎಲೆಯ ಪೊಟ್ಟಣವಿತ್ತು.

"ಲೇ ಲದ್ದಿ, ಇದ್ರಲ್ಲೇನದೆ ನೋಡಮ್ಮಿ."