ಬಿಟ್ಟುಕೊಟ್ಟ ಬಯೋಸ್

ಅತ್ತೆಯ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪ್ರಿಂಟ್ ಕೊಟ್ಟರೆ ಮೌಸ್ ನಿಲ್ಲುತ್ತಿತ್ತು, ಮೌಸ್ ಆಡಿಸಿದರೆ ಪ್ರಿಂಟರ್ ನಿಲ್ಲುತ್ತಿತ್ತು. ಸಂಜೆಯೊಳಗೆ ನಾಮಕರಣದ ಕಾರ್ಡು ಸಿಗದಿದ್ದರೆ ಎದುರಿನ ಅಂಗಡಿಗೆ ಹೋಗುತ್ತೇನೆ ಎಂದು ಗಿರಾಕಿ ಹೇಳಿಹೋಗಿದ್ದ. ಸೊಸೆ ರಿಪೇರಿಯವನನ್ನು ಕರೆಸಿದಳು.

"ಪ್ರತಿ ಸಾಮಾನಿಗೂ ಕಂಪ್ಯೂಟರನ್ನ ಕರೆಯೋಕೆ, ಕರೆಗಂಟೆ ಇದ್ದ ಹಾಗೆ, ಬೇರೆ ಬೇರೆ ನಂಬರು ಇರ್ಬೇಕು, ಅಮ್ಮಾ. ಇಲ್ಲಿ ಎರಡಕ್ಕೂ ಒಂದೇ ಬಿದ್ದಿದೆ," ಎಂದ ಅವನು. "ಯಾಕಂದ್ರೆ ನಂಬರು ಕೊಡೋರು ಇಬ್ರು. ಮೊದಲಿಂದ ಯಂತ್ರದ ಒಳಗೇ ಇರೋ ಬಯೋಸು ಅನ್ನೋ ಪ್ರೋಗ್ರಾಮು, ಆಮೇಲೆ ಬಂದ ಆಪರೇಟಿಂಗ್ ಸಿಸ್ಟಂ. ಒಬ್ರ ಮಾತು ಇನ್ನೊಬ್ರು ಕೇಳಲ್ಲ."

"ಮೊದಲಿಂದ ಇದ್ದೋರ ಮಾತು ಕೇಳ್ಬೇಕಪ್ಪ," ಎಂದರು ಅತ್ತೆ.

ಸೊಸೆ ಕೀಬೋರ್ಡಿನ ಧೂಳು ಒರೆಸತೊಡಗಿದಳು.

"ಹಾಗಲ್ಲಮ್ಮಾ, ಹಳಬರು ಬಿಟ್ಟುಕೊಟ್ರೇನೇ ಇದು ಸರಿಹೋಗೋದು. ಹೊಸಬರೇ ನೋಡ್ಕೊಳ್ಳಲಿ ಅನ್ನೋಕೆ ಬಯೋಸಲ್ಲೇ ಜಾಗ ಇದೆ. ಹೌದು ಅಂತ ಒತ್ಲಾ?"

ಅತ್ತೆ ಸೊಸೆಯನ್ನು ನೋಡಿದರು. ಗೋಡೆಯ ಗಡಿಯಾರವನ್ನೂ ನೋಡಿದರು.

"ಒತ್ತು, ಇನ್ನೇನ್ ಮಾಡೋದು."

ಪ್ರಿಂಟರ್ ಗುರುಗುಟ್ಟಿತು, ಮೌಸೂ ಓಡಿತು. ಮೊದಲ ಕಾರ್ಡು ಹೊರಬಂದಾಗ ಸೊಸೆ ಆ ಅಂಗಡಿಯಲ್ಲಿ ಎಂದೂ ನಗದಷ್ಟು ಜೋರಾಗಿ ನಕ್ಕಳು.

ಗಿರಾಕಿ ಕಾರ್ಡು ತೆಗೆದುಕೊಂಡು ಹೋದ. ಆಮೇಲೆ ಅತ್ತೆ ರಿಪೇರಿಯವನ ಕೈಗೆ ಕಾಫಿ ಕೊಟ್ಟು ಮೆಲ್ಲಗೆ ಕೇಳಿದರು, "ಒಂದ್ಸಲ ಬಿಟ್ಟುಕೊಟ್ಟಿದ್ದು ಮತ್ತೆ ವಾಪಸ್ ಬರಲ್ವೇನಪ್ಪ?"

"ಬರುತ್ತೆ ಅಮ್ಮಾ. ಒಳಗೊಂದು ಬಿಲ್ಲೆಯಂಥ ಬ್ಯಾಟರಿ ಇದೆ. ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರೆ, ಬಯೋಸು ಎಲ್ಲ ಮರೆತು ಮೊದಲಿನ ಹಾಗೇ ಆಗುತ್ತೆ."

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. "ಎಲ್ಲಿದೆ, ತೋರ್ಸು."