ಸದ್ದಿದೆ, ಚಿತ್ರವಿಲ್ಲ

ವಿಡಿಯೋ ಓಡುತ್ತಿತ್ತು, ಸದ್ದೂ ಕೇಳುತ್ತಿತ್ತು, ಪರದೆ ಮಾತ್ರ ಕಪ್ಪಗೆ. ಬೀದಿಯವರೆಲ್ಲ 'ಫೋನ್ ಡಾಕ್ಟ್ರಮ್ಮ' ಎಂದು ಕರೆಯುವ ರಿಪೇರಿ ಅಂಗಡಿಯಾಕೆ ಆ ಹಳೆಯ ಫೋನನ್ನು ಕಿವಿಯ ಹತ್ತಿರ ಹಿಡಿದಳು. "ಯಾರೋ ನಗ್ತಿದಾರೆ, ಬಾಗಿಲು ಹಾಕಿದ ಸದ್ದು... ಆಡಿಯೋ ಚೆನ್ನಾಗೇ ಇದೆಯಲ್ಲಮ್ಮ. ಸದ್ಯಕ್ಕೆ ಕೇಳಿಸ್ಕೊಳ್ಳಿ," ಎಂದು ಎದುರಿಗಿದ್ದ ಹೆಂಗಸಿಗೆ ಹೇಳಿದಳು.

ಆಕೆ ಇವಳ ತುಟಿಯನ್ನೇ ನೋಡುತ್ತಾ ನಿಂತಳು. ಜೊತೆಗೆ ಬಂದಿದ್ದ ನಾದಿನಿ ಮುಂದೆ ಬಂದಳು. "ನಮ್ಮತ್ತಿಗೆಗೆ ಕಿವಿ ಕೇಳಿಸಲ್ಲ. ಮಗಳಿಗೂ ಅಷ್ಟೇ, ಹುಟ್ಟಿದಾಗಿನಿಂದ. ಇಬ್ರೂ ಕೈಯಲ್ಲೇ ಮಾತಾಡೋದು."

ಡಾಕ್ಟ್ರಮ್ಮ ನಾಲಿಗೆ ಕಚ್ಚಿಕೊಂಡಳು.

ಉಳಿದದ್ದನ್ನು ನಾದಿನಿಯೇ ಹೇಳಿದಳು. ಬೇರೆ ಊರಿನ ತಗಡಿನ ಡಬ್ಬದ ಕಾರ್ಖಾನೆಯಲ್ಲಿ ಮಗಳ ಬಲಗೈ ಯಂತ್ರಕ್ಕೆ ಸಿಕ್ಕಿ ಆರು ವಾರವಾಗಿತ್ತು. ಆಪರೇಷನ್ ಮುಗಿಯುವವರೆಗೆ ಜೊತೆಗಿದ್ದ ತಾಯಿ, ಮನೆಯಲ್ಲಿ ಹಾಸಿಗೆ ಹಿಡಿದ ಗಂಡನಿಗಾಗಿ ವಾಪಸು ಬಂದಿದ್ದಳು. ಇವತ್ತು ಬೆಳಿಗ್ಗೆ ಬ್ಯಾಂಡೇಜು ಬಿಚ್ಚಿದ್ದರು. 'ಚೆನ್ನಾಗಿದ್ದೀನಿ' ಎಂಬ ಒಂದು ಮೆಸೇಜು, ಅದರ ಹಿಂದೆಯೇ ನರ್ಸಮ್ಮನ ಹೊಸ ಫೋನಿನಲ್ಲಿ ತೆಗೆದ ಈ ವಿಡಿಯೋ ಬಂದಿದ್ದವು.

"ಚೆನ್ನಾಗಿದ್ದೀನಿ ಅಂತ ಎಡಗೈಯಲ್ಲೂ ಒತ್ತಬಹುದಲ್ಲ. ಅತ್ತಿಗೆ ನಂಬ್ತಿಲ್ಲ. ಎರಡು ಅಂಗಡಿ ತಿರುಗಿ ಬಂದ್ವಿ, ಇದನ್ನ ಬಿಸಾಕಿ ಹೊಸದು ತಗೊಳ್ಳಿ ಅಂದ್ರು."

"ಬಿಸಾಕೋದು ಯಾಕೆ? ನನ್ನ ಫೋನೂ ಇದರ ಓರಗೆಯದೇ. ಹೊಸ ಫೋನುಗಳು ಜಾಗ ಉಳಿಸೋಕೆ ವಿಡಿಯೋನ ತುಂಬಾ ಬಿಗಿಯಾಗಿ ಮಡಚಿಡ್ತವೆ. ಈ ಹಳೇದಕ್ಕೆ ಆ ಮಡಿಕೆ ಬಿಚ್ಚೋಕೆ ಬರಲ್ಲ, ಅಷ್ಟೇ."

ಮೊದಲು ಆ ಫೋನಿಗೇ ಬೇರೊಂದು ವಿಡಿಯೋ ಪ್ಲೇಯರ್ ಹಾಕಿ ನೋಡಿದಳು. ಚಿತ್ರ ಬಂತು. ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದ ಮಗಳು ಬಲಗೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಇದ್ದಕ್ಕಿದ್ದಂತೆ ಎದೆಯ ಹತ್ತಿರ ಕಾಣಿಸಿತು, ಮತ್ತೆ ನಿಂತಿತು. ತಾಯಿಯ ಮುಖ ಬಿಳಿಚಿಕೊಂಡಿತು. ಅವಳ ಬೆರಳುಗಳು ಏನೋ ಕೇಳಿದವು.

ನಾದಿನಿಯ ದನಿ ಇಳಿಯಿತು. "ನಿಂತಿದ್ದು ಫೋನಾ, ಮಗಳ ಕೈಯಾ ಅಂತಿದಾರೆ."

ಫೋನೇ ಎನ್ನಲು ಹೊರಟ ಡಾಕ್ಟ್ರಮ್ಮನಿಗೂ ಖಾತ್ರಿಯಿರಲಿಲ್ಲ. "ಇದು ಅಂದಾಜಿನ ಮೇಲೆ ಹೇಳೋ ಮಾತಲ್ಲ. ಕೂತ್ಕೊಳ್ಳಿ," ಎಂದು ಮೇಜಿನ ಮೇಲೆ ಬಿಚ್ಚಿ ಹರಡಿದ್ದ ಬೇರೆಯವರ ಫೋನುಗಳನ್ನು ಪಕ್ಕಕ್ಕೆ ಸರಿಸಿ, ವಿಡಿಯೋವನ್ನು ಕಂಪ್ಯೂಟರಿಗೆ ಹಾಕಿಕೊಂಡಳು. ಅದೂ ಹಳೆಯ ಕಾಲದ್ದೇ. ಈ ವಿಡಿಯೋವನ್ನು ನೇರವಾಗಿ ಓಡಿಸಲು ಹೋದರೆ ಅದೂ ಮುಗ್ಗರಿಸುತ್ತಿತ್ತು. ಆದರೆ ಸಮಯ ಕೊಟ್ಟರೆ ಒಂದೊಂದೇ ಚಿತ್ರ ಬಿಡಿಸಿ ಹಳೆಯ ಫೋನಿಗೆ ತಿಳಿಯುವ ಹಾಗೆ ಬರೆದುಕೊಡುತ್ತಿತ್ತು. "ಈ ಮುದುಕಪ್ಪನಿಗೆ ಅವಸರ ಆಗಲ್ಲ, ಹಿಡಿದ ಕೆಲಸ ಮಾತ್ರ ಬಿಡಲ್ಲ," ಎಂದಳು.

ಬೇಗ ಮುಗಿಯಲೆಂದು ಸೆಕೆಂಡಿಗೆ ಮೂವತ್ತು ಚಿತ್ರಗಳನ್ನು ಹದಿನೈದಕ್ಕೆ ಇಳಿಸುವುದು ಅವಳ ರೂಢಿ. ಮದುವೆ, ಹುಟ್ಟುಹಬ್ಬದ ವಿಡಿಯೋಗಳಲ್ಲಿ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಇವತ್ತೂ ಅಲ್ಲಿಗೇ ಹೋದ ಕೈಯನ್ನು ತಡೆದು, ತಾಯಿಯ ಬೆರಳುಗಳನ್ನೊಮ್ಮೆ ನೋಡಿದಳು. ಚಿತ್ರದ ಅಳತೆಯನ್ನಷ್ಟೇ ಕುಗ್ಗಿಸಿ, ಮೂವತ್ತನ್ನು ಮೂವತ್ತಾಗಿಯೇ ಬಿಟ್ಟಳು.

ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಕ್ಯಾಮೆರಾದ ಯಾವ ಸೆಟ್ಟಿಂಗ್ ಬದಲಾಯಿಸಿದರೆ ವಿಡಿಯೋ ಹಳೆಯ ರೀತಿಯಲ್ಲೇ ಬರುತ್ತದೆಂದು ವಿವರವಾಗಿ ಬರೆದು, ನರ್ಸಮ್ಮನಿಗೆ ತೋರಿಸಲು ಮಗಳಿಗೆ ಕಳಿಸಿದಳು. "ನಾಳೆಯಿಂದ ನೀವು ನನ್ನ ಹತ್ರ ಬರಬೇಕಾಗಿಲ್ಲ." ನಾದಿನಿ ಅದನ್ನು ಕೈಮಾತಿನಲ್ಲಿ ಹೇಳಿದರೆ ತಾಯಿ ಅತ್ತ ತಿರುಗಲೇ ಇಲ್ಲ. ಅವಳ ಕಣ್ಣು ಕಂಪ್ಯೂಟರಿನ ಮೇಲೆ ಒಂದೊಂದಾಗಿ ಏರುತ್ತಿದ್ದ ಅಂಕೆಗೆ ಅಂಟಿಕೊಂಡಿತ್ತು.

ಕೊನೆಗೆ ಹಳೆಯ ಫೋನಿನಲ್ಲೇ ಮಗಳ ಕೈ ಎದ್ದಿತು. ಈ ಸಲ ನಿಲ್ಲಲಿಲ್ಲ. ಹೊಲಿಗೆಯ ಗುರುತಿನ ಬೆರಳುಗಳು ಮೆಲ್ಲಗೆ ಮಡಚಿಕೊಂಡವು, ಬಿಚ್ಚಿಕೊಂಡವು. ಎಡಗೈಯೂ ಬಂದು ಸೇರಿತು, ಎರಡೂ ಮಾತಿಗಿಳಿದವು. ತಾಯಿ ರೆಪ್ಪೆ ಬಡಿಯದೆ ನೋಡಿದಳು. ಎರಡನೇ ಸಲ ನೋಡಿದಳು, ಮೂರನೇ ಸಲವೂ. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳದೆ ಡಾಕ್ಟ್ರಮ್ಮನ ಕಡೆ ತಿರುಗಿ ಚುರುಕಾಗಿ ಏನೋ ಹೇಳಿದಳು.

"ಏನಂತೆ? ಮತ್ತೆ ನಿಲ್ತಿದೆಯಾ?" ಡಾಕ್ಟ್ರಮ್ಮ ಗಾಬರಿಯಿಂದ ಕೇಳಿದಳು.

ನಾದಿನಿ ಅಳುತ್ತಲೇ ನಕ್ಕಳು. "ಇಲ್ಲಮ್ಮ, ಒಂದು ಮಾತೂ ತಪ್ಪದೆ ಬಂದಿದೆಯಂತೆ. ಮಗಳ ಕಿರುಬೆರಳು ಮಾತ್ರ ಸ್ವಲ್ಪ ತೊದಲ್ತಿದೆ, ಚಿಕ್ಕೋಳಿದ್ದಾಗಲೂ ನಾನೇ ತಿದ್ದಿದ್ದು, ಮತ್ತೆ ತಿದ್ತೀನಿ ಅಂತಿದಾರೆ."