ಮೇಡಂ ಬರೆಸಿದ ಪತ್ರ

ಆನ್‌ಲೈನ್ ತರಗತಿಯಲ್ಲಿ ಮೇಡಂ ಹೇಳಿದರು: "ಪರಿಚಯವಿಲ್ಲದ ದೊಡ್ಡವರಿಗೆ ಮೆಸೇಜ್ ಬರೆಯುವಾಗ ಮೊದಲೇ ಕೆಲಸ ಕೇಳಬೇಡಿ. ಅವರೇನು ಮಾಡಿದ್ದಾರೆ ಅಂತ ಓದಿ, ಅದರ ಬಗ್ಗೆ ಎರಡು ಮಾತು ಬರೆಯಿರಿ." ಜೊತೆಗೆ ಒಂದು ಮಾದರಿ ಪತ್ರವನ್ನೂ ಬರೆಸಿದರು.

ಕಾಲೇಜಿನ ರೂಢಿಯಂತೆ ಇಡೀ ತರಗತಿ ಅದನ್ನು ಅಕ್ಷರ ಬಿಡದೆ ನಕಲು ಮಾಡಿತು. ಹಲವರು ಅದನ್ನು ಕಳುಹಿಸಿದ್ದ ಒಂದು ಔಷಧ ಕಂಪನಿಯ ಮ್ಯಾನೇಜರಿಗೇ ನಾಗವೇಣಿಯೂ ಕಳುಹಿಸಿದಳು. ಅಲ್ಲಿ ಇದ್ದದ್ದು ಒಂದೇ ಇಂಟರ್ನ್‌ಶಿಪ್. ಅದು ಸಿಗದಿದ್ದರೆ ಅವಳ ಕೊನೆಯ ವರ್ಷ ಮುಗಿಯುವಂತಿರಲಿಲ್ಲ.

ವಾರದ ಮೇಲೆ ವಿಡಿಯೊ ಸಂದರ್ಶನಕ್ಕೆ ಕರೆ ಬಂತು. ದೇವರಿಗೆ ದೀಪ ಹಚ್ಚಿ, ಲ್ಯಾಪ್‌ಟಾಪ್ ಮುಂದೆ ಕುಳಿತಳು.

"ನನ್ನ ಲೇಖನ ಓದಿ ಕಣ್ಣು ತೆರೆಯಿತು ಅಂತ ಬರೆದಿದ್ದೀಯಲ್ಲಮ್ಮ," ಎಂದರು ಮ್ಯಾನೇಜರ್. "ಅದರಲ್ಲಿ ನಿನಗೆ ಹಿಡಿಸಿದ್ದೇನು?"

ಸುಳ್ಳು ನಾಗವೇಣಿಯ ಬಾಯಿಯವರೆಗೆ ಬಂದು ನಿಂತಿತು.

"ಸರ್... ನಾನು ಓದಿಲ್ಲ."

"ಒಂದು ಪುಟಾನೂ?"

"ಇಲ್ಲ ಸರ್. ಅದು ನಮ್ಮ ಮೇಡಂ ಬರೆಸಿದ ಪತ್ರ. ನಾನು ಹೆಸರು ಮಾತ್ರ ಬದಲಾಯಿಸಿದೆ."

"ಮತ್ತೆ ಕಣ್ಣು ತೆರೆದದ್ದು?"

"ಅದೂ ಮೇಡಂದೇ ಸರ್."

ಅವರು ಗಟ್ಟಿಯಾಗಿ ನಕ್ಕರು. "ಸೋಮವಾರ ಒಂಬತ್ತಕ್ಕೆ ಬಂದುಬಿಡು. ಆ ಜಾಗ ನಿನ್ನದು."

ಅವಳಿಗೆ ನಂಬಿಕೆಯಾಗಲಿಲ್ಲ. "ಓದದೇ ಇದ್ದವಳಿಗೆ ಹೇಗೆ ಸರ್ ಕೊಡ್ತೀರಿ?"

"ಬೆಳಗ್ಗೆಯಿಂದ ನಿನ್ನ ಕ್ಲಾಸಿನ ಹನ್ನೊಂದು ಜನ, ನಾನು ಬರೆದೇ ಇಲ್ಲದ ಆ ಲೇಖನದ ಸಾರಾಂಶ ಹೇಳಿ ಹೋದರು, ತಾಯಿ."